ಪಾಸ್‌ವರ್ಡ್ ಕೇಳಬೇಡಿ, ಕೊಡುವುದಿಲ್ಲ
ಚೆನ್ನೈನ ಕನ್ನಡ ಮನೆಗಳ ಪ್ರಣಾಳಿಕೆ

ನಾವು ಮೈಲಾಪುರ, ಟಿ. ನಗರ, ಐನಾವರಂ ಕಡೆಯ ಕನ್ನಡದ ಮನೆಯವರು. ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಹೋಟೆಲಿನವರಿದ್ದಾರೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ. ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಕೆಲಸ ಮೊದಲು ಶುರುವಾಗಲಿ.

ಕಂಪ್ಯೂಟರ್ ಕೆಟ್ಟರೆ ಈ ಊರಿನವರು ಹೋಗುವುದು ರಿಚಿ ಸ್ಟ್ರೀಟಿಗೆ. ಮೌಂಟ್ ರೋಡಿನ ಪಕ್ಕದ ಆ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಿಗದ ಬಿಡಿಭಾಗವಿಲ್ಲ. ಅಲ್ಲಿನವರ ಕೈಚಳಕದ ಬಗ್ಗೆ ನಮ್ಮ ತಕರಾರೂ ಇಲ್ಲ. ತಕರಾರಿರುವುದು ನಮ್ಮದೇ ಅಭ್ಯಾಸದ ಮೇಲೆ: ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸಿಪಿಯು ಮೇಲೆ ಅಂಟಿಸಿ, ಸಂಜೆ ಬರ್ತೀವಿ ಎಂದು ಬಿಟ್ಟು ಬರುತ್ತೇವೆ. ಒಳಗೆ ಆಧಾರ್, ಪ್ಯಾನ್ ಪ್ರತಿಗಳು, ಅಮ್ಮನ ಆಸ್ಪತ್ರೆ ವರದಿ, ಮಗಳ ಫೋಟೊಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕ್ ಪಾಸ್‌ವರ್ಡ್, ಎಲ್ಲವೂ ಇರುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಮಾರುವಾಗಲೂ ಇದೇ ಧೈರ್ಯ. ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಫೈಲ್ ಎಲ್ಲಿದೆಯೆಂಬ ಗುರುತು ಅಳಿಯುತ್ತದೆ, ಫೈಲ್ ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಕಥೆಯೂ ಅಷ್ಟೇ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ, ಪುಕ್ಕಟೆ ಸಿಗುವ ಸಾಫ್ಟ್‌ವೇರೊಂದು ಅದನ್ನು ಮೇಲೆತ್ತಬಲ್ಲದು.

ಖಾಸಗಿತನದ ಹಕ್ಕಿನ ಪ್ರಶ್ನೆ ಚೆನ್ನೈನಿಂದಲೂ ಕರ್ನಾಟಕದಿಂದಲೂ ಕೋರ್ಟಿನ ಮೆಟ್ಟಿಲು ಹತ್ತಿದೆ. 1994ರಲ್ಲಿ ಚೆನ್ನೈನ 'ನಕ್ಕೀರನ್' ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ನನ್ನ ಪಾಡಿಗೆ ನನ್ನನ್ನು ಬಿಡಿ ಎನ್ನುವ ಹಕ್ಕು ಪ್ರಜೆಗಿದೆ ಎಂದಿತು. ಎಂಬತ್ತು ದಾಟಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನವರು, 2012ರಲ್ಲಿ ಆಧಾರ್ ಪ್ರಶ್ನಿಸಿ ದೆಹಲಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ವ್ಯಕ್ತಿಯೊಬ್ಬ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡ ದತ್ತಾಂಶ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಹಜಾರದ ಕಂಪ್ಯೂಟರನ್ನು ನಾವೇ ಕಾಯಬೇಕು.

ರಿಪೇರಿಗೆ ಕೊಡುವ ಮುಂಚೆ ಡಿಸ್ಕ್ ಬಿಚ್ಚಿಟ್ಟುಕೊಳ್ಳುತ್ತೇವೆ. ಆಗದಿದ್ದರೆ ಅಂಗಡಿಯಲ್ಲೇ ಕುಳಿತು ಕೆಲಸ ಮಾಡಿಸುತ್ತೇವೆ, ಪಾಸ್‌ವರ್ಡ್ ನಾವೇ ಒತ್ತುತ್ತೇವೆ. ಸಾಧ್ಯವಿರುವ ಕಡೆ ಇಡೀ ಡಿಸ್ಕನ್ನು ಕೀಲಿಯಿಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುತ್ತೇವೆ. ವಿಂಡೋಸ್ ಪ್ರೊದಲ್ಲಿ ಅದಕ್ಕೆಂದೇ ಬಿಟ್‌ಲಾಕರ್ ಇದ್ದೇ ಇದೆ. ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡುತ್ತೇವೆ, ಕಳೆದರೆ ನಮಗೂ ಬಾಗಿಲು ತೆರೆಯದು. ಬ್ಯಾಂಕಿನಿಂದ ಮಾತಾಡ್ತಿದೀವಿ, ದೂರದಿಂದಲೇ ಕಂಪ್ಯೂಟರ್ ನೋಡೋ ಎನಿಡೆಸ್ಕ್ ಹಾಕ್ಕೊಳ್ಳಿ ಎನ್ನುವವರ ಫೋನನ್ನು ಮರ್ಯಾದೆ ನೋಡದೆ ಇಟ್ಟುಬಿಡುತ್ತೇವೆ.

ಇನ್ನೊಂದು ಮಾತು ಕಷ್ಟದ್ದು. ಕಂಪ್ಯೂಟರಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು. ಮನೆಯವರೊಳಗೆ ಎಂಥ ಮುಚ್ಚುಮರೆ ಎಂದು ಹಿರಿಯರು ಕೇಳುತ್ತಾರೆ. ಸೊಸೆಗೆ ಬಂದ ಕಾಗದವನ್ನು ಒಡೆದು ಓದುವುದು ತಪ್ಪಾದರೆ ಅವಳ ಇಮೇಲ್ ಓದುವುದೂ ತಪ್ಪೇ. ಚಿಕ್ಕ ಮಕ್ಕಳ ಮೇಲೆ ಕಣ್ಣಿಡುವುದು ಬೇರೆ. ಬೆಳೆದ ಮಗಳನ್ನು ಬೇಹುಗಾರರಂತೆ ಹಿಂಬಾಲಿಸುವುದು ಬೇರೆ. ಹೊರಗಿನ ಕಂಪನಿಗಳನ್ನು ಬೈಯುತ್ತ ಒಳಗೆ ಇಣುಕುವವರಿಗೆ ಈ ಚಳವಳಿಯಲ್ಲಿ ಜಾಗವಿಲ್ಲ.

ಸೇರುವುದಕ್ಕೆ ಚಂದಾ ಇಲ್ಲ, ಅರ್ಜಿಯಿಲ್ಲ. ಈ ಭಾನುವಾರ ಮನೆಯವರೆಲ್ಲರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ತಿಳಿಯದಿದ್ದರೆ ಪಕ್ಕದ ಮನೆಯ ಹುಡುಗಿಯನ್ನು ಕರೆಯಿರಿ, ಕಾಫಿ ಕೊಡಿ. ಪಾಸ್‌ವರ್ಡ್ ಒತ್ತುವಾಗ ಮಾತ್ರ ಅವಳಿಗೂ ಅತ್ತ ನೋಡಮ್ಮ ಎಂದು ಹೇಳಿ.