ಚುಕ್ಕಿಯಿಂದ ಬಂದ ಹುಡುಗಿ

ಸೋದರಿಯರೇ, ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀಬೇಕಂತ ಕೂತಿದ್ದೆ. ನಡುವೆ ಒಂದು ಪ್ರೇಮಕಥೆ ಅಡ್ಡ ಬಂತು. ಉಪ್ಪಿನಕಾಯಿ ಮುಂದಿನ ಸಂಚಿಕೆಗಿರಲಿ, ಕೆಡುವ ವಸ್ತುವಲ್ಲ.

ಹೋದ ಭಾನುವಾರ ರೊಟ್ಟಿ ಬಡೀತಿದ್ದೆ. ಮಗಳು ಅಡಿಗೆಮನೆ ಬಾಗಿಲಿಗೆ ಒರಗಿ ಮೊಬೈಲಿನಲ್ಲಿ ಏನೋ ಓದುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. "ಏನಾತವ್ವಾ?" ಅಂದೆ. ಕಥೆ ಹೇಳಿದಳು.

ಮುಂದೆಂದೋ ಬರುವ ಕಾಲ. ಚುಕ್ಕಿಗಳ ನಡುವೆ ಓಡಾಡುವ ದೊಡ್ಡ ಹಡಗು, ಅದರಲ್ಲೊಂದು ದಂಡು. ಅಧಿಕಾರಿ ನಮ್ಮ ಭೂಮಿಯವನು. ಅವನ ಕೈಕೆಳಗೆ ಹೊಸದಾಗಿ ಭರ್ತಿಯಾದವಳು ಬೇರೆ ಗ್ರಹದ ಹುಡುಗಿ. ಅವಳ ಲೋಕದಲ್ಲಿ ಅಳು ಅನ್ನೋದೇ ಇಲ್ಲವಂತೆ. ಒಂದು ರಾತ್ರಿ, ಸತ್ತ ಗೆಳೆಯನನ್ನು ನೆನೆದು ಅಧಿಕಾರಿ ಕಣ್ಣೀರು ಹಾಕಿದರೆ, ಇವನಿಗೆ ಕಣ್ಣಿಗೆ ಗಾಯವಾಗಿದೆ ಅಂತ ತಿಳಿದು ಆಕೆ ಔಷಧಿ ತರಲು ಓಡುತ್ತಾಳೆ. ಅಲ್ಲಿಂದ ಪ್ರೀತಿ ಸುರು.

ನನಗೂ ಹಿಡಿಸಿತು, ಸುಳ್ಳೇಕೆ ಹೇಳಲಿ. ಹಂಚಿನ ಮೇಲಿನ ರೊಟ್ಟಿ ಕರಕಲಾದದ್ದೇ ತಿಳಿಯಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಅವ ಆಕೀ ಸಾಹೇಬ ಹೌದಲ್ಲೋ? ರಜಾ ಕೊಡಾವ ಅವನೇ, ರಿಪೋರ್ಟ್ ಬರ್ಯಾವ ಅವನೇ. ಮನಸ್ಸಿಲ್ಲಂದ್ರ ಆಕಿಗಿ ಒಲ್ಲೆ ಅನ್ಲಿಕ್ಕಿ ಬರ್ತದೇನು? ಆಕೀ ತವರಿಗಿ ಅಲ್ಲಿಂದ ಬಸ್ಸರೆ ಅದನು?"

"ನಿಂದು ಎಲ್ಲಾದ್ರಾಗೂ ಒಂದು ಕೊಂಕು, ಅವ್ವಾ!" ಅಂತ ಮುಖ ಊದಿಸಿಕೊಂಡು ಹೋದಳು.

ಕೊಂಕಲ್ಲ ರೀ. ಮುಂದಿನ ತಿಂಗಳು ಅವಳೇ ನೌಕರಿಗೆ ಭರ್ತಿಯಾಗಿ ಬೆಂಗಳೂರಿಗೆ ತರಬೇತಿಗೆ ಹೊರಟಿದ್ದಾಳೆ. ಸೇಡಂ ಬಿಟ್ಟರೆ ವಾಡಿ, ಶಹಾಬಾದ, ಹೆಚ್ಚೆಂದರೆ ಕಲಬುರಗಿ ಕಂಡವಳು. ಅವಳ ಮಾತು ಕೇಳಿ ಅಲ್ಲಿಯವರು ನಗಬಹುದು. ಅವಳಿಗೆ ಅದೂ ಒಂದು ಬೇರೆ ಗ್ರಹವೇ.

ನಮ್ಮ ಅತ್ತೆಯವರಿಗೆ ಮಾತ್ರ ಆಕಾಶದ ಭಯವಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಬೆಂಗಳೂರಿನ ಕಡೆಗಲ್ಲ, ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ! ಅತ್ತೆ ಆಗ ಲಂಗದ ಹುಡುಗಿ. ಜಾಳಿಗೆ ತಂತಿಯ ದೊಡ್ಡ ಕೊಡೆಯಂಥದ್ದು, ಅದಕ್ಕೆ 36,000 ಕಿಲೋಮೀಟರು ಮೇಲಿಂದ ಬಂದು ಇಳಿಯುವ ಕನ್ನಡದ ಮಾತು. ಪೆಟ್ಟಿಗೆಯೊಳಗಿನ ಗಂಡಸು ತನ್ನನ್ನೇ ನೋಡಿ ಮಾತಾಡುತ್ತಾನೆ ಅಂತ ಅವರ ಆಯಿ ತಲೆ ತುಂಬ ಸೆರಗು ಹೊದ್ದು ಕೂಡುತ್ತಿದ್ದರಂತೆ. ಹಾಗಾಗಿ ಮೇಲಿನವರ ಜೊತೆ ವ್ಯವಹಾರ ನಮಗೆ ಹೊಸದಲ್ಲ.

ಬೇರೆ ಲೋಕದವಳ ಪ್ರೇಮವೂ ಹೊಸದಲ್ಲ. ಊರ್ವಶಿ ಪುರೂರವರ ಕಥೆ ಮತ್ತೇನು? ಅವನು ಭೂಮಿಯ ಅರಸ, ಅವಳು ಮೇಲಿನವಳು. ಶತಪಥ ಬ್ರಾಹ್ಮಣದಲ್ಲಿ ಈ ಕಥೆ ಬರುವಾಗ ಊರ್ವಶಿ ಮೊದಲೇ ಕರಾರು ಹಾಕುತ್ತಾಳೆ. ಅದರಲ್ಲಿ ಒಂದು, ನನಗೆ ಮನಸ್ಸಿಲ್ಲದಾಗ ನನ್ನ ಹತ್ತಿರ ಬರಕೂಡದು ಅಂತ. ಅಷ್ಟು ಹಿಂದೆ! ಇನ್ನೊಂದು ಕರಾರು ಮುರಿದ ಗಳಿಗೆಗೆ ಅವಳು ಮಾಯ. ಅರಸ ಹುಚ್ಚನ ಹಾಗೆ ಹುಡುಕುತ್ತ ಅಲೆದ. ಊರ್ವಶಿಗೆ ಎದ್ದು ಹೋಗುವ ದಾರಿ ಇತ್ತು. ನಮ್ಮ ಮಗಳ ಕಥೆಯ ಹುಡುಗಿಗೆ ಅದೇ ಇಲ್ಲ.

2014ರ 'ಪೀಕೆ' ಚಿತ್ರ ನೋಡಿದ್ದೀರಲ್ಲ? ಅಲ್ಲಿ ಹೊರಲೋಕದಿಂದ ಬಂದವನು ಗಂಡು. ಆಕೆಯ ಧ್ವನಿಯನ್ನು ಟೇಪಿನಲ್ಲಿ ತುಂಬಿಕೊಂಡು, ಮನಸ್ಸಿನ ಮಾತು ಹೇಳದೇ ಹೊರಟುಹೋಗುತ್ತಾನೆ. ನಮ್ಮ ಮನೆಯವರು ಅವನು ದಡ್ಡ ಅಂದರು. ನನಗಂತೂ ಮರ್ಯಾದಸ್ಥ ಅನ್ನಿಸಿತು.

ಸಂಜೆ ಮಗಳನ್ನು ಕೂಡಿಸಿಕೊಂಡು ಹೇಳಿದೆ. ಪ್ರೀತಿ ಮಾಡಬೇಡ ಅಂತಲ್ಲ. ಸಾಹೇಬನೊಬ್ಬ ನಿನಗೆ ಬೇಡವಾದ ಸಲಿಗೆಗೆ ಬಂದರೆ ಎದ್ದು ಹೋಗುವ ದಾರಿ ಗೊತ್ತಿರಲಿ ಅಂತ. 2013ರ ಕಾನೂನಿನಂತೆ 10 ಜನರಿಗಿಂತ ಕಡಿಮೆಯಿಲ್ಲದ ಕಚೇರಿಯಲ್ಲಿ ದೂರು ಕೇಳಲು ಒಳಸಮಿತಿ ಇರಬೇಕು. ಅದಕ್ಕೆ ಹೆಣ್ಣುಮಗಳೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ದೂರನ್ನು 3 ತಿಂಗಳೊಳಗೆ ಬರೆದು ಕೊಡಬೇಕು. ತರಬೇತಿಗೆ ಬಂದವರಿಗೂ ಇದು ಅನ್ವಯ. ಹೋದ ದಿನವೇ ಸಮಿತಿಯಲ್ಲಿ ಯಾರಿದ್ದಾರೆ ಕೇಳಿಟ್ಟುಕೋ ಅಂದೆ. ನಿಮ್ಮ ಮನೆಯ ಹುಡುಗಿಯರಿಗೂ ಹೇಳಿರಿ.

ಮಗಳು ಹೂಂ ಅಂದಳು. ಅತ್ತೆಯವರ ಚಿಂತೆ ಬೇರೆ: "ಆ ಚುಕ್ಕಿ ಹುಡುಗಿ ಉಣ್ಣೂದೇನಬೇ? ಜ್ವಾಳ ಸಿಗ್ತಾವೇನು ಅಲ್ಲಿ?"

ರಾತ್ರಿ ಮಲಗುವ ಹೊತ್ತಿಗೆ ಮಗಳು ಓಡಿ ಬಂದಳು. "ಅವ್ವಾ, ಅವ ಆಕೀನ ಬ್ಯಾರೆ ಅಧಿಕಾರಿ ಕೈಕೆಳಗ ಹಾಕಿಸಿ, ಆಮ್ಯಾಲ ಕೇಳ್ಯಾನ!"

ಎದ್ದು ಕೂತೆ. "ಆಕಿ ಏನಂದಳು?"

"ಮುಂದಿನ ವಾರ ಬರ್ತದಂತ."