ಟ್ಯಾಂಕ್ ಎಲ್ಲಿಡೋದು?

ಕಳೆದ ಸಲ ಊರಿಗೆ ಹೋದಾಗ ಮಾವ ಅವರ ಹಳೇ ಪದ್ಮಿನಿಯ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಅಂಗಳದಲ್ಲಿಟ್ಟಿದ್ದರು. ತಳದಲ್ಲಿ ತುಕ್ಕು, ಸಣ್ಣ ತೂತು. "ಪೆಟ್ರೋಲೆಲ್ಲ ತೆಗೆದಾಯ್ತು ಕಣೋ, ಖಾಲಿ ಡಬ್ಬ. ಒಂದು ವೆಲ್ಡಿಂಗ್ ಹೊಡೆಸಿದ್ರೆ ಮುಗೀತು" ಅಂದರು. "ಮಾವ, ಸ್ವಲ್ಪ ತಡೀರಿ" ಅಂದೆ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಅದನ್ನು ತಯಾರಿಸುತ್ತಿತ್ತು. ಎಂಜಿನ್ ಮುಂದೆ, ಟ್ಯಾಂಕ್ ಹಿಂದೆ, ಸರಳ ಲೆಕ್ಕ. ಆದರೆ ಇಟಲಿಯ ಹಳೇ ಕಾರುಗಳಲ್ಲೆಲ್ಲ ಹೀಗೇ ಇರಲಿಲ್ಲ. ಅಲ್ಲಿನ ಎಂಜಿನಿಯರುಗಳು ಈ ತಗಡಿನ ಡಬ್ಬವನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ನೋಡಿದರೆ ಅಚ್ಚರಿಯಾಗುತ್ತದೆ.

1936ರ ಪುಟ್ಟ ಫಿಯೆಟ್ 500, ಅಂದರೆ 'ಟೋಪೊಲಿನೊ'ದಲ್ಲಿ ಟ್ಯಾಂಕ್ ಇದ್ದದ್ದು ಡ್ಯಾಶ್‌ಬೋರ್ಡ್ ಹತ್ತಿರ, ಕೂತವರ ಕಾಲಿನ ಮೇಲ್ಗಡೆ! ಕಾರಣ ಇಷ್ಟೇ: ಟ್ಯಾಂಕ್ ಎತ್ತರದಲ್ಲಿದ್ದರೆ ಪೆಟ್ರೋಲ್ ತಾನಾಗೇ ಕಾರ್ಬುರೇಟರಿಗೆ ಇಳಿಯುತ್ತದೆ, ಪಂಪಿನ ಖರ್ಚು ಉಳಿಯುತ್ತದೆ. ನಮ್ಮ ಮನೆಗಳಲ್ಲಿ ತಾರಸಿ ಮೇಲೆ ನೀರಿನ ಟ್ಯಾಂಕ್ ಇಡೋ ಹಾಗೆ. ಅಗ್ಗದ ಕಾರಿಗೆ ಜಾಣ ಉಪಾಯವೇ. ಆದರೆ ಅಪಘಾತವಾದರೆ ಪೆಟ್ರೋಲ್ ನೇರ ತೊಡೆ ಮೇಲೆ.

1957ರಲ್ಲಿ ಡಾಂಟೆ ಜಿಯಾಕೋಸಾ ಹೊಸ ಫಿಯೆಟ್ 500 ಮಾಡಿದಾಗ ಎಂಜಿನ್ ಹಿಂದಕ್ಕೆ ಹೋಯಿತು, ಟ್ಯಾಂಕ್ ಮುಂದಿನ ಬಾನೆಟ್ ಅಡಿಗೆ ಬಂತು. ಹೀಗಾಗಿ ಪೆಟ್ರೋಲನ್ನು ಹಿಂದಕ್ಕೆ ಎಳೆದುಕೊಳ್ಳಲು ಪಂಪ್ ಬೇಕೇ ಬೇಕಾಯಿತು.

1966ರ ಲ್ಯಾಂಬೊರ್ಗಿನಿ ಮಿಯುರಾದ ಕಥೆ ಇನ್ನೂ ಸ್ವಾರಸ್ಯ. ಸೀಟಿನ ಹಿಂದೆಯೇ ಹನ್ನೆರಡು ಸಿಲಿಂಡರಿನ ಎಂಜಿನ್ ಅಡ್ಡಡ್ಡ ಕೂತಿತ್ತು, ಟ್ಯಾಂಕಿಗೆ ಸಿಕ್ಕ ಜಾಗ ಮೂತಿಯಲ್ಲಿ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. 80 ಲೀಟರ್ ಅಂದರೆ 60 ಕಿಲೋ, ಒಬ್ಬ ಮನುಷ್ಯನಷ್ಟು. ಓಡುತ್ತಾ ಓಡುತ್ತಾ ಆ 'ಮನುಷ್ಯ' ಕರಗಿ ಹೋದರೆ? ಟ್ಯಾಂಕ್ ಬರಿದಾದಂತೆ ಮೂತಿ ಹಗುರಾಗಿ, ವೇಗದಲ್ಲಿ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ಹೊರಟಾಗ ಒಂದು ಕಾರು, ಸಂಜೆ ಬಂದಾಗ ಇನ್ನೊಂದು! ಅದೇ ಕಂಪನಿಯ ಆಮೇಲಿನ ಕಾರು ಕೌಂಟಾಶ್‌ನಲ್ಲಿ ಟ್ಯಾಂಕನ್ನು ಎರಡು ಭಾಗ ಮಾಡಿ ಬಾಗಿಲುಗಳ ಹಿಂದೆ, ಅಕ್ಕಪಕ್ಕದಲ್ಲಿಟ್ಟರು. ಕಾರಿನ ನಡುಭಾಗದ ಹತ್ತಿರ ಇದ್ದರೆ, ತುಂಬಿದ್ದರೂ ಖಾಲಿಯಾದರೂ ಸಮತೋಲ ಅಷ್ಟಾಗಿ ಕೆಡುವುದಿಲ್ಲ.

ಆಲ್ಫಾ ರೋಮಿಯೋದವರು ಇನ್ನೂ ಒಂದು ಹೆಜ್ಜೆ ಮುಂದೆ. 1967ರ ಅವರ ರೇಸ್ ಕಾರು ಟೀಪೊ 33ರ ಚಾಸಿಗೆ ದಪ್ಪ ದಪ್ಪ ಕೊಳವೆಗಳಿದ್ದವು. ಪೆಟ್ರೋಲನ್ನು ಆ ಕೊಳವೆಗಳ ಒಳಗೇ ತುಂಬಿಸಿದರು.

ಇಷ್ಟೆಲ್ಲ ತಲೆ ಓಡಿಸಿದರೂ ಉಕ್ಕಿನ ಟ್ಯಾಂಕಿಗೆ ತುಕ್ಕು ತಪ್ಪಲ್ಲ. ಅರ್ಧ ಖಾಲಿ ಟ್ಯಾಂಕ್ ಇಟ್ಟು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿನ ಗಾಳಿಯ ತೇವ ತಳ ಸೇರುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಬೇರೆ ನೀರನ್ನು ಹೀರುತ್ತದೆ, ಹಳೇ ರಬ್ಬರ್ ಪೈಪುಗಳನ್ನೂ ಹಾಳು ಮಾಡುತ್ತದೆ. ಮನೆಯಲ್ಲಿ ಹಳೇ ಕಾರಿದ್ದರೆ ಆ ಪೈಪುಗಳನ್ನು ಒಮ್ಮೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ತಡ ಮಾಡದೆ ಬದಲಿಸಿ.

ಈಗ ಮಾವನ ಡಬ್ಬದ ವಿಷಯ. ಉರಿಯೋದು ದ್ರವವಲ್ಲ, ಅದರ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೂ ಗಾಳಿಗೂ ಜಾಗ ಕಡಿಮೆ. 'ಖಾಲಿ' ಟ್ಯಾಂಕಿನಲ್ಲಿ ಎರಡೂ ಬೆರೆತು ಕೂತಿರುತ್ತವೆ, ಕಿಡಿಗೆ ಕಾಯುತ್ತಾ. ಪೆಟ್ರೋಲ್ ಚೆಲ್ಲಿ ಎಷ್ಟೋ ದಿನ ಆದಮೇಲೂ ಜೋಡಣೆಯ ಸಂದುಗಳಲ್ಲಿ ಉಳಿದದ್ದು ಬಿಸಿ ತಾಗಿದರೆ ಮತ್ತೆ ಆವಿಯಾಗುತ್ತದೆ. ಹಾಗಾಗಿ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಅಂದರೆ ಬಾಂಬಿಗೆ ಬೆಂಕಿ ಇಟ್ಟಂತೆ.

ಇಷ್ಟು ಹೇಳಿದಾಗ ಮಾವ ಮಾತಾಡಲಿಲ್ಲ. ಅಂಗಳದ ತುದಿಯಲ್ಲಿ ಬೀಡಿ ಹಚ್ಚಲು ಹೊರಟಿದ್ದ ಪಕ್ಕದ ಮನೆಯವರನ್ನು ಕೂಗಿ ಆಚೆ ಕಳಿಸಿದರು. ಈಗ ಗುಜರಿ ಅಂಗಡಿಗಳಲ್ಲಿ ಬೇರೆ ಟ್ಯಾಂಕ್ ಹುಡುಕುತ್ತಿದ್ದಾರೆ. ಸಿಗುವ ತನಕ ಪದ್ಮಿನಿಗೆ ವಿಶ್ರಾಂತಿ.