ಓಡದೆ ಕೂರೋದಕ್ಕೂ ಧೈರ್ಯ ಬೇಕು ಸ್ವಾಮಿ!

ಬ್ಲಾಗಿನ ಮೇಲೆ ಕೂತ ಧೂಳು ಕೊಡವದೆ ತಿಂಗಳುಗಳೇ ಆಗಿತ್ತು. ಇವತ್ತು ಬರೆಯಲು ಕೂರಿಸಿದ್ದು ಸಿಟ್ಟು.

ನಿನ್ನೆ ನಮ್ಮ ಓಟದ ವಾಟ್ಸಾಪ್ ಗುಂಪಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಒಂದು ವಾರದಿಂದ ಮೊಣಕಾಲ ಕೆಳಗೆ ಮುಂದುಗಡೆ ನೋವು. ಭಾನುವಾರದ 22 ಕಿ.ಮೀ. ಓಡಬಹುದಾ?" ಅಂತ ಕೇಳಿದಳು. ಹತ್ತೇ ನಿಮಿಷದಲ್ಲಿ ಹದಿನಾಲ್ಕು ಉತ್ತರ! "ನೋ ಪೇನ್ ನೋ ಗೇನ್", "ನೋವು ಇರೋದು ತಲೆಯಲ್ಲಿ, ಕಾಲಲ್ಲಲ್ಲ", "ಐಸ್ ಇಟ್ಟು ಓಡಿ, ಸರಿಹೋಗುತ್ತೆ"... ನಿಲ್ಲಿಸು ಅಂದವರು ಒಬ್ಬರೂ ಇಲ್ಲ.

ಈ ಹದಿನಾಲ್ಕು ಜನರ ಮೇಲೆ ಕೂಗಾಡುವ ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. 2023ರಲ್ಲಿ ನಾನೂ ಇವರಲ್ಲೊಬ್ಬ.

2024ರ ಜನವರಿಯ ಮುಂಬೈ ಮ್ಯಾರಥಾನಿಗೆ ನಾನು ಹೆಸರು ಕೊಟ್ಟಿದ್ದೆ, ಪೂರ್ತಿ 42.195 ಕಿ.ಮೀ. ನನ್ನನ್ನು ನೋಡಿ ಹೆಂಡತಿಯ ತಮ್ಮನೂ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟ. ಅವನು ಮೆಡಿಕಲ್ ರೆಪ್. ದಿನವಿಡೀ ಬೈಕಿನಲ್ಲಿ ಊರು ಸುತ್ತೋ ಕೆಲಸ. ನವೆಂಬರಿನ ಒಂದು ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಹತ್ತಿರ ನಿಂತು, "ಭಾವ, ಇಲ್ಲಿ ಮುಟ್ಟಿದ್ರೆ ಜೀವ ಹೋಗುತ್ತೆ" ಅಂತ ಎಡಗಾಲಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಿದ. ನಾನೇನಂದೆ ಗೊತ್ತಾ? "ಮೊದಮೊದಲು ಹಾಗೇ ಕಣೋ, ಓಡ್ತಾ ಓಡ್ತಾ ಹೋಗುತ್ತೆ." ಪಾಪ, ಭಾವ ಹೇಳಿದ್ದಾನಲ್ಲ ಅಂತ ಮತ್ತೆರಡು ವಾರ ಓಡಿದ. ಮೂರನೇ ವಾರ ಮೆಟ್ಟಿಲು ಇಳಿಯೋಕಾಗಲಿಲ್ಲ. ಎಂಆರ್‌ಐ ತೆಗೆಸಿದಾಗ ಮೂಳೆಯಲ್ಲಿ ಬಿರುಕು, ಡಾಕ್ಟ್ರ ಭಾಷೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ಬೈಕಿನ ಗೇರು ಇರೋದು ಎಡಗಾಲಿಗೆ ತಾನೇ? ಎಂಟು ವಾರ ಬೈಕಿಲ್ಲ, ಇನ್ಸೆಂಟಿವ್ ಇಲ್ಲ, ಆ ತಿಂಗಳುಗಳ ಮನೆ ಬಾಡಿಗೆಗೆ ಅಕ್ಕನ ಹತ್ತಿರ ಕೈಚಾಚಬೇಕಾಯ್ತು. ನನ್ನ ಒಂದು ವಾಕ್ಯದ ಬೆಲೆ ಅದು, ಕಟ್ಟಿದವನು ಅವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಓಟದ ಜ್ವರ ನನಗೆ, ಬರೆ ಅವನ ಕಾಲಿಗೆ.

ಆಮೇಲೆ ಕೂತು ಓದಿದೆ, ಡಾಕ್ಟ್ರ ತಲೆ ತಿಂದೆ. ಮೊದಲೇ ತಿಳಿದುಕೊಳ್ಳಬೇಕಿದ್ದದ್ದು ಇಷ್ಟೇ: ಓಡಿದಾಗ ಮೂಳೆ ಗಟ್ಟಿಯಾಗುತ್ತೆ ನಿಜ, ಆದರೆ ಓಡುವ ಹೊತ್ತಿನಲ್ಲಲ್ಲ. ದಣಿದ ಜಾಗದ ಹಳೆಯ ಮೂಳೆಯನ್ನು ದೇಹ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನು ತುಂಬುತ್ತೆ. ಕೆರೆಯೋ ಕೆಲಸ ವಾರಗಳಲ್ಲಿ ಮುಗಿದರೆ ತುಂಬೋ ಕೆಲಸಕ್ಕೆ ತಿಂಗಳುಗಳು ಬೇಕು. ಹಳೇ ಗೋಡೆ ಕೆಡವಿ ಹೊಸದು ಕಟ್ಟುವ ನಡುವೆ ಅದರ ಮೇಲೆ ಮಾಳಿಗೆ ಹೊರಿಸಿದರೆ ಏನಾಗುತ್ತೋ ಅದೇ ಇಲ್ಲೂ ಆಗುತ್ತೆ. ಎದೆ, ಉಸಿರು ಕೆಲವೇ ವಾರಗಳಲ್ಲಿ ಪಳಗಿಬಿಡುತ್ತವೆ, ಮೂಳೆ, ಸ್ನಾಯುರಜ್ಜು ಹಿಂದೆ ಉಳಿಯುತ್ತವೆ. "ದಮ್ಮಿದೆ, ಇನ್ನೂ ಓಡಬಲ್ಲೆ" ಅಂತ ಅನ್ನಿಸೋ ಹೊತ್ತೇ ಅಪಾಯದ ಹೊತ್ತು.

ಎಲ್ಲ ನೋವೂ ಬಿರುಕಲ್ಲ, ಒಪ್ಪಿದೆ. ಉದ್ದ ಓಟದ ಮಾರನೇ ದಿನ ಎರಡೂ ತೊಡೆ ಹಿಡಿದುಕೊಂಡು ಎರಡು ಮೂರು ದಿನದಲ್ಲಿ ಬಿಟ್ಟರೆ ಅದು ಸ್ನಾಯುವಿನ ನೋವು, ಹೆದರಬೇಕಿಲ್ಲ. ಮೊಣಕಾಲ ಕೆಳಗೆ ಮೂಳೆಯ ಒಳಂಚಿನುದ್ದಕ್ಕೂ ಹರಡಿದ ನೋವಾದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಓಟ ಕಡಿಮೆ ಮಾಡಬೇಕು. ಒಂದೇ ಕಾಲು, ಒಂದೇ ಚುಕ್ಕೆ, ಬೆರಳಿಟ್ಟು ತೋರಿಸಬಹುದು, ಓಡಿದಷ್ಟೂ ಜಾಸ್ತಿ, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುರ್ ಅನ್ನುತ್ತೆ ಅಂದರೆ ಅಲ್ಲಿಗೆ ನಿಲ್ಲಿಸಿ, ಡಾಕ್ಟ್ರ ಹತ್ತಿರ ಹೋಗಿ. ಇನ್ನೊಂದು ಮಾತು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. "ಎಕ್ಸ್‌ರೇ ಕ್ಲೀನ್ ಇದೆ" ಅನ್ನೋದು ಓಡೋಕೆ ಪರವಾನಗಿ ಅಲ್ಲ.

ಇಷ್ಟು ಹೇಳಿದರೆ ಒಬ್ಬರು ಜೋನ್ ಬೆನಾಯ್ಟ್ ಕಥೆ ತೆಗೀತಾರೆ. 1984ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ 17ನೇ ದಿನಕ್ಕೆ ಅಮೆರಿಕದ ಒಲಿಂಪಿಕ್ ಆಯ್ಕೆ ಮ್ಯಾರಥಾನ್ ಗೆದ್ದು, ಲಾಸ್ ಏಂಜಲೀಸಿನಲ್ಲಿ ಚಿನ್ನವನ್ನೂ ತಂದವರು. ನಿಜವೇ. ಆದರೆ ಆಕೆ ನೋವನ್ನು ನುಂಗಿಕೊಂಡು ಓಡಲಿಲ್ಲ ಸ್ವಾಮಿ. ಓಟ ನಿಲ್ಲಿಸಿ ನೋಡಿದರು, ಚುಚ್ಚುಮದ್ದು ತಗೊಂಡರು, ಕೊನೆಗೆ ತೊಂದರೆಯ ಮೂಲವನ್ನೇ ತೆಗೆಸಿದರು. ಇನ್ನೊಂದು ಕಥೆಯನ್ನು ಮಾತ್ರ ಯಾರೂ ಹೇಳಲ್ಲ. 2008ರಲ್ಲಿ ವಿಶ್ವದಾಖಲೆ ಪೌಲಾ ರ‍್ಯಾಡ್‌ಕ್ಲಿಫ್ ಹೆಸರಿನಲ್ಲಿತ್ತು. ತೊಡೆಮೂಳೆಯಲ್ಲಿ ಇದೇ ಬಿರುಕಾಗಿ, ಸಾಕಷ್ಟು ತಯಾರಿಯಿಲ್ಲದೆ ಬೀಜಿಂಗ್ ಒಲಿಂಪಿಕ್ಸಿಗೆ ಹೋಗಿ 23ನೆಯವರಾಗಿ ಬಂದರು. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಗೆದ್ದರು. ಅಂಥವರ ಮೂಳೆಯೇ ಒಲಿಂಪಿಕ್ಸಿನ ತಾರೀಖು ನೋಡಲಿಲ್ಲ, ನಮ್ಮದು ಮುಂಬೈ ತಾರೀಖು ನೋಡುತ್ತಾ?

"ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದು, ಅಷ್ಟು ಪಾಲಿಸಿದರೆ ಏನೂ ಆಗಲ್ಲ" ಅನ್ನೋದು ಇನ್ನೊಂದು ಮಂತ್ರ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ನೋಡಿದ್ದರು, 2008ರಲ್ಲಿ ಅದು ಪ್ರಕಟವಾಯ್ತು. ಒಂದು ಗುಂಪಿಗೆ ಈ ನಿಯಮದಂತೆ 13 ವಾರದ ನಿಧಾನದ ತಯಾರಿ, ಇನ್ನೊಂದಕ್ಕೆ 8 ವಾರದ ಮಾಮೂಲಿ ತಯಾರಿ. ಎರಡರಲ್ಲೂ ಗಾಯವಾದದ್ದು ಸುಮಾರು ಐದರಲ್ಲೊಬ್ಬರಿಗೆ! ಅಂದರೆ ಗೋಡೆಗೆ ಅಂಟಿಸಿದ ಪಟ್ಟಿ ನಿಮ್ಮನ್ನು ಕಾಯಲ್ಲ, ನಿಮ್ಮ ಕಾಲು ಹೇಳೋದನ್ನು ನೀವೇ ಕೇಳಬೇಕು.

ನನಗೆ ಅತಿ ಹೆಚ್ಚು ಸಿಟ್ಟು ಬರೋದು ಓಟಕ್ಕೆ ಮುಂಚೆ ನೋವಿನ ಮಾತ್ರೆ ಹಂಚುವವರ ಮೇಲೆ. ಇಬುಪ್ರೊಫೇನ್ ಥರದ ಮಾತ್ರೆ ನುಂಗಿ, ಬೆವರು ಸುರಿಸಿ ಗಂಟೆಗಟ್ಟಲೆ ಓಡಿದರೆ ಪೆಟ್ಟು ಬೀಳೋದು ಮೂತ್ರಪಿಂಡಕ್ಕೆ. ಕಾವಲು ನಾಯಿ ಬೊಗಳ್ತಿದೆ ಅಂತ ಅದರ ಬಾಯಿಗೆ ಬಟ್ಟೆ ತುರುಕಿ ಕಳ್ಳನಿಗೆ ಬಾಗಿಲು ತೆಗೆದ ಹಾಗೆ.

ವಿಶ್ರಾಂತಿ ತಗೊಂಡರೆ ಕಟ್ಟಿದ್ದೆಲ್ಲ ಕರಗಿಹೋಗುತ್ತೆ ಅನ್ನೋ ಭಯ ನನಗೂ ಇತ್ತು. ಒಂದು ವಾರ, ಹತ್ತು ದಿನ ಬಿಟ್ಟರೆ ಹೋಗೋದು ಅತ್ಯಲ್ಪ. ನೋವಾಗದಿದ್ದರೆ ಸೈಕಲ್ಲು, ಈಜುಕೊಳ ಇದ್ದೇ ಇವೆ, ಉಸಿರು ಉಳಿಯುತ್ತೆ. ಯಾವ ಒಳ್ಳೆಯ ತಯಾರಿಯಲ್ಲೂ ಸ್ಪರ್ಧೆಗೆ ಮುಂಚಿನ ಎರಡು ಮೂರು ವಾರ ಓಟವನ್ನು ಇಳಿಸ್ತಾರಲ್ಲ, ಯಾಕೆ? 1950ರಲ್ಲಿ ಎಮಿಲ್ ಝಾಟೊಪೆಕ್ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿ, ಅಲ್ಲಿಂದೆದ್ದು ಬಂದು ಬ್ರಸೆಲ್ಸಿನ ಯುರೋಪಿಯನ್ ಚಾಂಪಿಯನ್‌ಶಿಪ್ಪಿನಲ್ಲಿ 5,000 ಮೀಟರ್, 10,000 ಮೀಟರ್ ಎರಡನ್ನೂ ಗೆದ್ದ. ಹುಚ್ಚನ ಹಾಗೆ ತರಬೇತಿ ಮಾಡ್ತಿದ್ದವನಿಗೆ ವಿಶ್ರಾಂತಿ ಕೊಡಿಸಲು ಆಸ್ಪತ್ರೆಯ ಮಂಚವೇ ಬೇಕಾಯ್ತು :)

ನನ್ನ ತಕರಾರು ಓಟದ ಮೇಲಲ್ಲ. ನಾನು ಈಗಲೂ ಓಡ್ತೀನಿ. ತಕರಾರಿರೋದು ಬೇರೆಯವರ ಕಾಲನ್ನು ಪಣಕ್ಕಿಟ್ಟು ನಾವು ಆಡೋ ಶೌರ್ಯದ ಮಾತುಗಳ ಮೇಲೆ. ತಿಂಗಳ ಸಂಬಳ, ವರ್ಕ್ ಫ್ರಮ್ ಹೋಮ್ ಇರೋ ನಮಗೆ ಮುರಿದ ಕಾಲೂ ಒಂದು ಫೇಸ್‌ಬುಕ್ ಪೋಸ್ಟು. ಕಾಲನ್ನೇ ನಂಬಿ ದುಡಿಯೋನಿಗೆ ಹಾಗಲ್ಲ.

ಗುಂಪಿನಲ್ಲಿ ಹದಿನೈದನೇ ಉತ್ತರ ನಾನೇ ಬರೆದೆ: "ಭಾನುವಾರ ಓಡಬೇಡಮ್ಮ. ಸೋಮವಾರ ಮೂಳೆ ಡಾಕ್ಟ್ರಿಗೆ ತೋರಿಸು." ತಕ್ಷಣ ಒಬ್ಬರು "ಅಂಕಲ್ ರಿಟೈರ್ ಆದ್ರು" ಅಂತ ಹಲ್ಲು ಕಿರಿದರು. ಕಿರೀಲಿ ಬಿಡಿ. ಆ ಹುಡುಗಿ ಮಾತ್ರ ಬೇರೆಯಾಗಿ ಮೆಸೇಜು ಮಾಡಿ, "ಥ್ಯಾಂಕ್ಸ್ ಸರ್, ನಿಲ್ಲಿಸು ಅಂತ ಯಾರಾದ್ರೂ ಹೇಳಲಿ ಅಂತಾನೇ ಕಾಯ್ತಿದ್ದೆ" ಅಂದಳು.

ನಮ್ಮ ಭಾಮೈದ ಆವತ್ತು ಲಾಲ್‌ಬಾಗಿನಲ್ಲಿ ಕಾಯ್ತಿದ್ದದ್ದೂ ಈ ಒಂದು ಮಾತಿಗೇ ಇರಬೇಕು.

ಓಡುವ ಬ್ಲಾಗಿಗರೇ, ನಿಮ್ಮನ್ನು ಹೀಗೆ ಯಾರಾದರೂ ಕೇಳಿದರೆ ನೀವೇನು ಹೇಳ್ತೀರಿ? ಜಗಳಕ್ಕೆ ಬರೋರೂ ಬನ್ನಿ, ಕಮೆಂಟು ಡಬ್ಬಿ ತೆರೆದಿಟ್ಟಿದ್ದೀನಿ.